ಅಜ್ಜಿ ಇಟ್ಟಿದ್ದ ಅವರೆ ಹೂವೇ ಬಿಡ್ತಿಲ್ಲ, ಕಿತ್ತು ಹಾಕಲಾ?

ಚಿಂತಾಮಣಿ ಹುಡುಗ:
ಅಜ್ಜಿ ಮಡಕೆಯಲ್ಲಿ ಬೂದಿ ಬೆರೆಸಿ ಇಟ್ಟಿದ್ದ ಅವರೆ ಬೀಜ ಒಂದು ಸೇರಿನಷ್ಟು ಇತ್ತು. ಅರ್ಧ ತೆಗೆದು ಫೆಬ್ರವರಿಯಲ್ಲಿ ಡ್ರಿಪ್ ಎಳೆದು ಬಿತ್ತಿದೆ. ಈಗ ಜೂನ್, ಬಳ್ಳಿ ಬೇಲಿ ದಾಟಿ ಪಕ್ಕದವರ ಮಾವಿನ ಮರ ಹತ್ತಿದೆ, ಒಂದು ಹೂವೂ ಇಲ್ಲ. ಅದೇ ಪಕ್ಕದವರು ಹೆಬ್ಬಾಳ ಅವರೆ ಹಾಕಿ ಆಗಲೇ ಕಿತ್ತು ಮಾರಿದರು. ಗೊಬ್ಬರ ಜಾಸ್ತಿ ಆಯ್ತಾ, ಬೀಜವೇ ಕೆಟ್ಟಿದೆಯಾ? ಕೇಳೋಣ ಅಂದರೆ ಅಜ್ಜಿ ಈಗಿಲ್ಲ. ಕಿತ್ತು ಟೊಮೇಟೊ ಹಾಕೋಣ ಅಂತಿದ್ದೇನೆ.

ಶಿರಾ ಅಕ್ಕ:
ಬೀಜ ಕೆಟ್ಟಿಲ್ಲ ತಮ್ಮಾ, ಕಾಲ ತಪ್ಪಿದ್ದು ನೀನು. ನಾಟಿ ಅವರೆಗೆ ಹಗಲು ಚಿಕ್ಕದಾಗಬೇಕು, ಅಲ್ಲಿಯವರೆಗೆ ನೀರು ಗೊಬ್ಬರ ಎಷ್ಟು ಕೊಟ್ಟರೂ ಬರೀ ಬಳ್ಳಿ. ಅದಕ್ಕೇ ಹಿರಿಯರು ಮುಂಗಾರಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ, ಅಂದರೆ ರಾಗಿ ನಡುನಡುವೆ ಬಿಡೋ ಸಾಲಿಗೆ, ಹಾಕುತ್ತಿದ್ದರು. ರಾಗಿ ಕೊಯ್ಲಿನ ಹೊತ್ತಿಗೆ ಹೂ, ಧನುರ್ಮಾಸದ ಇಬ್ಬನಿಗೆ ಕೈಗೆ ಅಂಟುವ ಸೊಗಡಿನ ಕಾಯಿ. ಪಕ್ಕದವರದ್ದು ಬೇರೆ ಜಾತಿ. ಹೆಬ್ಬಾಳ ಅವರೆ ಅಂದರೆ ಎಚ್‌ಎ 3, ಎಚ್‌ಎ 4 ಅಂತ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಟ್ಟ ತಳಿಗಳು, ಗಿಡ್ಡ, ಯಾವ ತಿಂಗಳು ಬಿತ್ತಿದರೂ ಹೂ ಬಿಡುತ್ತವೆ.

ಮಾಲೂರು ಮಾವ:
ಸೊಗಡು ಸೊಗಡು ಅಂತ ಬರೆಯೋದು ಸುಲಭ. ಜನವರಿಯಲ್ಲಿ ಎಲ್ಲರ ಕಾಯೂ ಒಟ್ಟಿಗೆ ಬಂದು ರೇಟು ಬಿದ್ದಾಗ ಗೊತ್ತಾಗುತ್ತೆ. ನಾನು ದುಡ್ಡಿಗೆ ಹೆಬ್ಬಾಳ, ಮನೆ ಹಿತಕಿದ ಬೇಳೆ ಸಾರಿಗೆ ನಾಟಿ ಹಾಕುತ್ತೇನೆ. ಎರಡೂ ಇರಲಿ ಬಿಡಿ.

ಚಿಂತಾಮಣಿ ಹುಡುಗ:
ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ. ಉಳಿದ ಅರ್ಧ ಸೇರಿನಲ್ಲಿ ಕಂದು, ಬಿಳಿ, ಒಂದಿಷ್ಟು ಕಪ್ಪು ಎಲ್ಲ ಬೆರೆತಿವೆ. ಆರಿಸಿ ಒಂದೇ ತರದ್ದು ಇಟ್ಟುಕೊಳ್ಳಲಾ?

ಶಿರಾ ಅಕ್ಕ:
ಬೇಡ ಬೇಡ! ಆ ಬೆರಕೆಯೇ ಅಜ್ಜಿಯ ಆಸ್ತಿ. ಒಂದು ಬರಕ್ಕೆ ಸೋತರೆ ಇನ್ನೊಂದು ಉಳಿಯಬಹುದು. ಎಲ್ಲಾ ಒಂದೇ ವರ್ಷ ಬಿತ್ತಿಬಿಡಬೇಡ, ಮಳೆ ಕೈಕೊಟ್ಟರೆ ತಳಿಯೇ ಹೋಗುತ್ತೆ. ಹೆಬ್ಬಾಳ ಅವರೆಯಿಂದ ದೂರ ಹಾಕು. ಅವರೆ ಬಹುಪಾಲು ತನ್ನ ಹೂವಲ್ಲೇ ಕಾಯಿ ಕಟ್ಟಿದರೂ ಜೇನುಹುಳ ಸುಮ್ನೆ ಇರಲ್ಲ, ಅಷ್ಟಿಷ್ಟು ಬೆರೆಸುತ್ತೆ. ಇನ್ನೊಂದು, ನಾವು ಒಳ್ಳೆ ಕಾಯನ್ನೆಲ್ಲಾ ಸಂತೆಗೆ ಕಳಿಸಿ ಕೊನೆಗೆ ಉಳಿದ ಜೊಳ್ಳನ್ನು ಬೀಜಕ್ಕೆ ಇಡುತ್ತೇವೆ, ತಪ್ಪು ಅದೇ. ಚೆನ್ನಾಗಿ ಕಾಯಿ ಹಿಡಿದ ಬಳ್ಳಿಗಳಿಗೆ ಮೊದಲೇ ದಾರ ಕಟ್ಟು, ಒಣಗೋವರೆಗೂ ಮುಟ್ಟಬೇಡ. ನಾಲ್ಕು ಮನೆಗೆ ಒಂದೊಂದು ಹಿಡಿ ಕೊಟ್ಟಿರು, ನಿನ್ನದು ಹುಳ ಬಿದ್ದರೂ ಅಲ್ಲಿ ಸಿಗುತ್ತೆ. ನನಗೂ ಒಂದು ಹಿಡಿ. ಬದಲಿಗೆ ಕರಿ ಅಲಸಂದೆ ಕೊಡುತ್ತೇನೆ.

ಚಿಂತಾಮಣಿ ಹುಡುಗ:
ಆಯ್ತಕ್ಕಾ, ಖಂಡಿತ. ಈಗಿರೋ ಬಳ್ಳಿಯಲ್ಲಿ ಒಂದು ಸಾಲು ಬಿಟ್ಟು ಉಳಿದಿದ್ದು ಹಸುಗಳಿಗೆ. ಮಾವಿನ ಮರ ಹತ್ತಿರೋದನ್ನಂತೂ ಇವತ್ತೇ ಇಳಿಸಬೇಕು, ಬೆಳಗ್ಗೆಯಿಂದ ಬೈತಿದ್ದಾರೆ.