ಅರೋರಾ ಕಥೆಗೆ ಅನಿಮೇಷನ್ ಬೇಕಿತ್ತಾ?

ಬೆಟ್ಟದ ನೆಲ್ಲಿ: ನಿನ್ನೆ ರಾತ್ರಿ 'ಅರೋರಾಸ್ ಸನ್‌ರೈಸ್' ನೋಡಿದೆ. ಇನ್ನಾ ಸಹಾಕ್ಯಾನ್ ಅವರ 2022ರ ಸಾಕ್ಷ್ಯಚಿತ್ರ. 1915ರಲ್ಲಿ ಈಗಿನ ಟರ್ಕಿಯನ್ನು ಆಳುತ್ತಿದ್ದ ಆಟೋಮನ್ ಸರ್ಕಾರ ಅಲ್ಲಿನ ಅರ್ಮೇನಿಯನ್ನರನ್ನು ಊರು ಬಿಡಿಸಿ ಮರುಭೂಮಿ ಕಡೆ ಅಟ್ಟಿದಾಗ ಅರೋರಾ ಮರ್ಡಿಗಾನಿಯನ್‌ಗೆ 14 ವರ್ಷ. ಮನೆಯವರನ್ನು ಕಳಕೊಂಡು, ಮಾರಾಟವಾಗಿ, ತಪ್ಪಿಸಿಕೊಂಡು 1917ರಲ್ಲಿ ನ್ಯೂಯಾರ್ಕ್ ಸೇರಿದ ಹುಡುಗಿ. ಇದನ್ನೆಲ್ಲ ಅನಿಮೇಷನ್‌ನಲ್ಲಿ ಹೇಳಿದ್ದಾರೆ. ಬಣ್ಣದ ಚಿತ್ರಪುಸ್ತಕದ ಥರ ಇದೆ. ನನಗ್ಯಾಕೋ ಸರಿಬರಲಿಲ್ಲ. ಸುಮಾರು 10 ಲಕ್ಷ ಜನ ಸತ್ತ ಕಥೆ ಅಷ್ಟು ಚೆಂದ ಕಾಣಬಾರದು, ಅಲ್ವಾ?

ಸಂತೆಪೇಟೆ: ಮತ್ತೇನು ಮಾಡಬೇಕಿತ್ತು? ಆ ನಡಿಗೆಯ ಫಿಲ್ಮು ಯಾರ ಹತ್ತಿರ ಇದೆ? ಫೋಟೊನೇ ಇಲ್ಲದ ಕಡೆ ಚಿತ್ರ ಬರೆಯದೆ ಗತಿಯಿಲ್ಲ.

ಹಳೇ ರೀಲು: ಫೋಟೊನೇ ಇಲ್ಲ ಅನ್ನಬೇಡಿ. ಜರ್ಮನ್ ಸೇನೆಯ ವೈದ್ಯಕೀಯ ದಳದಲ್ಲಿದ್ದ ಆರ್ಮಿನ್ ವೆಗ್ನರ್ ನಿಷೇಧ ಮೀರಿ ಆ ಜನರ ಫೋಟೊ ತೆಗೆದಿದ್ದ. ಆದರೆ ಅದು ಹೊರಗಿನವನು ಕಂಡದ್ದು. ಅರೋರಾ ಕಂಡದ್ದಲ್ಲ.

ಇನ್ನೊಂದು ವಿಷಯ. ಈ ಕಥೆಯನ್ನು ನಿಜವಾದ ಮನುಷ್ಯರನ್ನು ನಿಲ್ಲಿಸಿ ತೆಗೆದದ್ದೂ ಆಗಿದೆ. 1919ರಲ್ಲಿ ಹಾಲಿವುಡ್‌ನವರು ಮೂಕಿಚಿತ್ರ ಮಾಡಿದರು. ಅರೋರಾ ಪಾತ್ರಕ್ಕೆ ಅರೋರಾನೇ. ವಾರಕ್ಕೆ 15 ಡಾಲರ್. ಶೂಟಿಂಗ್‌ನಲ್ಲಿ ಮೇಲಿಂದ ಹಾರುವಾಗ ಬಿದ್ದು ಕಾಲಿನ ಗಿಣ್ಣು ಮುರಿಯಿತು. ಹೊತ್ತುಕೊಂಡು ಬಂದು ಶೂಟಿಂಗ್ ಮುಂದುವರಿಸಿದರು. ಅದರಲ್ಲಿ ಬೆತ್ತಲೆ ಹೆಂಗಸರನ್ನು ಸಾಲಾಗಿ ಶಿಲುಬೆಗೇರಿಸಿದ ದೃಶ್ಯವಿದೆ. ಉದ್ದ ಕೂದಲು ಮೈ ಮುಚ್ಚಿರುತ್ತೆ. ನೋಡಿದರೆ ಚರ್ಚಿನ ಪಟದ ಹಾಗೆ. ವಯಸ್ಸಾದ ಮೇಲೆ ಅರೋರಾ ಸಿನಿಮಾ ಇತಿಹಾಸಕಾರ ಆಂಥೊನಿ ಸ್ಲೈಡ್‌ಗೆ ಹೇಳಿದ್ದೇ ಬೇರೆ. ಅಲ್ಲಿ ಇದ್ದದ್ದು ಅಂಥ ಶಿಲುಬೆ ಅಲ್ಲ, ಚೂಪು ಮಾಡಿದ ಮರದ ಗೂಟ. ನಮ್ಮಲ್ಲಿ ಶೂಲಕ್ಕೇರಿಸೋದು ಅಂತೀವಲ್ಲ, ಅದು. ಅಮೆರಿಕದ ಪ್ರೇಕ್ಷಕರಿಗೆ ಅದನ್ನು ತೋರಿಸೋಕಾಗಲ್ಲ ಅಂತ ಶಿಲುಬೆ ಮಾಡಿದರು. ಕ್ಯಾಮೆರಾ ನಿಜ, ಹುಡುಗಿ ನಿಜ, ದೃಶ್ಯ ಸುಳ್ಳು.

ಕಾಫಿ ಪುಡಿ: ಮಧ್ಯೆ ಬಾಯಿ ಹಾಕ್ತೀನಿ, ಇದನ್ನು ಮಕ್ಕಳ ಜೊತೆ ನೋಡಬಹುದಾ? ಕಾರ್ಟೂನ್ ಅಂದುಕೊಂಡು ಮಗಳು ಆಗಲೇ ಬಂದು ಕೂತಿದ್ದಾಳೆ.

ಬೆಟ್ಟದ ನೆಲ್ಲಿ: ಬೇಡ ಕಣ್ರೀ, ಮೊದಲು ಎಬ್ಬಿಸಿ. ನೋಡಿ, ನಾನು ಹೇಳ್ತಿರೋದು ಇದನ್ನೇ. ಮೊದಲ ನೋಟಕ್ಕೇ ಹಗುರ ಕಾಣುತ್ತೆ.

ಪೆನ್ಸಿಲ್ ಚೂರು: ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡೋನು. ಒಂದು ಸೆಕೆಂಡಿಗೆ 24 ಫ್ರೇಮು, ಕೈಯಲ್ಲಿ ಬರೆಯೋದಾದರೆ ಸಾಮಾನ್ಯವಾಗಿ 12 ಚಿತ್ರ. ಹುಬ್ಬು ಎಷ್ಟು ಏರಬೇಕು, ರೆಪ್ಪೆ ಯಾವಾಗ ಬಡಿಯಬೇಕು, ಎಲ್ಲ ನಮ್ಮ ಕೈಯಲ್ಲೇ. ಹಿಂದೊಮ್ಮೆ ಪ್ರವಾಹದಲ್ಲಿ ಮನೆ ಕಳಕೊಂಡ ಹೆಂಗಸೊಬ್ಬರ ಮಾತಿಗೆ ಚಿತ್ರ ಮಾಡಿದ್ದೆ. ಗೋಡೆ ಬಿದ್ದದ್ದನ್ನು ಹೇಳುವಾಗ ಆಕೆ ಸಣ್ಣಗೆ ನಗ್ತಾರೆ. ಆಡಿಯೋದಲ್ಲಿ ಚೆನ್ನಾಗಿ ಕೇಳುತ್ತೆ. ನಾನೂ ನಗುವನ್ನೇ ಬರೆದೆ. ಮಾಡಿಸಿದವರು, 'ನೋಡೋರಿಗೆ ಗೊಂದಲ ಆಗುತ್ತೆ, ಕಣ್ಣೀರು ಹಾಕಿ' ಅಂದರು. ಹಾಕಿದೆ. ಆಮೇಲೆ ನಗು ಆಡಿಯೋದಿಂದಲೂ ಹೋಯಿತು. ಹಾಗಾಗಿ ಕ್ಯಾಮೆರಾ ಒಂದೇ ಸುಳ್ಳಾಡುತ್ತೆ ಅಂತ ನನ್ನ ಮುಂದೆ ಹೇಳಬೇಡಿ.

ಸಂತೆಪೇಟೆ: ಅದಕ್ಕೇ ನನಗೆ ನಿರ್ದೇಶಕ ರಿತಿ ಪಾನ್ ಇಷ್ಟ. ಪೋಲ್ ಪಾಟ್‌ನ ಖಮೇರ್ ರೂಜ್ ಆಳ್ವಿಕೆಯ ಕಾಲದ ಕಾಂಬೋಡಿಯಾದಲ್ಲಿ ಮನೆಯವರನ್ನು ಕಳಕೊಂಡವರು. 2013ರ ಚಿತ್ರದಲ್ಲಿ ಅದನ್ನು ಮಣ್ಣಿನ ಗೊಂಬೆಗಳಲ್ಲಿ ಹೇಳಿದರು. ಆ ಕಾಲದ ಫಿಲ್ಮು ಅಂತ ಉಳಿದಿರೋದು ಬಹುಪಾಲು ಆಳುವವರೇ ತೆಗೆಸಿದ ಪ್ರಚಾರದ್ದು. ಅವರ ಗೊಂಬೆ ಕದಲೋದೂ ಇಲ್ಲ. ಕ್ಯಾಮೆರಾನೇ ಅವುಗಳ ಮುಂದೆ ಸರಿದು ಹೋಗುತ್ತೆ. ಹುಬ್ಬು ಏರಿಸೋ ತಂಟೆಯೇ ಇಲ್ಲ.

ಬೆಟ್ಟದ ನೆಲ್ಲಿ: ಅಲ್ಲಿ ಗೊಂಬೆ ಮಾಡಿಸಿದ್ದು ಅನುಭವಿಸಿದವರೇ ಅಲ್ವಾ. ಅರೋರಾ 1994ರಲ್ಲೇ ತೀರಿಕೊಂಡರು. ಶವ ಕೇಳೋಕೂ ಯಾರೂ ಬರಲಿಲ್ಲ. ಈ ಬಣ್ಣ ಯಾರನ್ನು ಕೇಳಿ ಹಾಕಿದ್ದು? ಮೂಕಿಚಿತ್ರದ ಪ್ರಚಾರಕ್ಕೆ ಊರೂರು ಸುತ್ತಿಸಿ ಆಕೆ ಕುಸಿದು ಬಿದ್ದಾಗ, ಅವರ ಹಾಗೇ ಕಾಣುವ ಏಳು ಹುಡುಗಿಯರನ್ನು ವೇದಿಕೆಗೆ ಕಳಿಸಿದರು. ನನ್ನ ಲೆಕ್ಕದಲ್ಲಿ ಈ ಅನಿಮೇಷನ್ ಅರೋರಾ ಎಂಟನೆಯವಳು.

ಹಳೇ ರೀಲು: ಮಾತು ಚೆನ್ನಾಗಿದೆ, ಆದರೆ ಒಪ್ಪಲ್ಲ. ಆ ಏಳು ಜನ 'ನಾನೇ ಅರೋರಾ' ಅಂತ ನಿಂತರು. ಗೆರೆಯ ಹುಡುಗಿ ಹಾಗನ್ನೋಕೆ ಸಾಧ್ಯವೇ ಇಲ್ಲ. 1980ರ ದಶಕದಲ್ಲಿ, ಬದುಕುಳಿದ ಅರ್ಮೇನಿಯನ್ನರ ಮಾತು ದಾಖಲಿಸುವ ಜೋರ್ಯಾನ್ ಸಂಸ್ಥೆ ರೆಕಾರ್ಡ್ ಮಾಡಿದ ಅರೋರಾ ಸಂದರ್ಶನ ಚಿತ್ರದ ಉದ್ದಕ್ಕೂ ಇದೆ. ಮಧ್ಯೆ ಮಧ್ಯೆ ಅಜ್ಜಿ ಅರೋರಾ ಎದುರಿಗೇ ಬಂದು ಕೂರ್ತಾರೆ. ಕಳೆದೇ ಹೋಯಿತು ಅಂದುಕೊಂಡಿದ್ದ ಮೂಕಿಚಿತ್ರದಲ್ಲಿ ಸುಮಾರು 18 ನಿಮಿಷ ಸಿಕ್ಕಿದೆ, ಅದರ ತುಣುಕೂ ಬರುತ್ತೆ. ಮೂರೂ ಪಕ್ಕಪಕ್ಕ ಇರೋವಾಗ ಯಾವುದು ನೆನಪು, ಯಾವುದು ನಾಟಕ, ಯಾವುದು ಗೆರೆ ಅಂತ ಎಂಥವರಿಗೂ ಗೊತ್ತಾಗುತ್ತೆ.

ಬೆಟ್ಟದ ನೆಲ್ಲಿ: ಅಜ್ಜಿ ಮಾತಾಡುವಾಗ ನಾನೂ ಅಲುಗಾಡದೆ ಕೂತಿದ್ದೆ, ಅದು ನಿಜ. ಮತ್ತೆ ಬಣ್ಣ ಬಂದ ಕೂಡಲೇ ನೀರು ಕುಡಿಯೋಕೆ ಎದ್ದೆ. ಅದೂ ನಿಜ.

ಪೆನ್ಸಿಲ್ ಚೂರು: ನೀರು ಕುಡಿಯೋಕೆ ಬಿಡುವು ಸಿಗೋದೂ ಒಂದು ಉಪಕಾರವೇ. ನಾನು ಕೇಳೋದು ಇಷ್ಟೇ, ಇಂಥ ಯಾವ ಚಿತ್ರ ಮಾಡಿದರೂ ಕತ್ತರಿ ಹಾಕದ ಸಂದರ್ಶನ ಎಲ್ಲಾದರೂ ಕೇಳೋಕೆ ಸಿಗಬೇಕು. ಆ ಹೆಂಗಸಿನ ಮೂಲ ಆಡಿಯೋ ನನ್ನ ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೂ ಇದೆ. ನಗು ಸಮೇತ.