ಆಮಿಶ್ ಕಾದಂಬರಿಗಳ ‘ಮಿರಾಕಲ್’: ‘ಪವಾಡ’ ಎಂದರೆ ಸರಿಯಾದೀತೇ?

ಪ್ರಶ್ನೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ತೀರಿಕೊಂಡ ಮೇಲಿನ ಒಂದು ವರ್ಷ, ಮಗಳು ಅಮೆರಿಕದಿಂದ ತಂದುಕೊಟ್ಟ ಆಮಿಶ್ ಕಾದಂಬರಿಗಳೇ, ಎಂದರೆ ಕುದುರೆ ಹೂಡಿ ಸರಳವಾಗಿ ಬದುಕುವ ಅಲ್ಲಿನ ಆಮಿಶ್ ಎಂಬ ಕ್ರೈಸ್ತ ಪಂಗಡದವರ ಕಥೆಗಳೇ, ನನಗೆ ಜೊತೆಯಾದವು. ಅವುಗಳಲ್ಲಿ ದೇವರು ಪ್ರತ್ಯಕ್ಷನಾಗುವುದಿಲ್ಲ. ವಿಧವೆಯೊಬ್ಬಳ ಹೊಲದ ಗೋವಿನಜೋಳ ಕಟಾವಿಗೆ ಬಂದಾಗ, ಹೇಳಿಕಳಿಸದಿದ್ದರೂ ನೆರೆಯವರು ಮಂಜು ಹರಿಯುವ ಮೊದಲೇ ಕುದುರೆ ಹೂಡಿಕೊಂಡು ಬಂದು ನಿಲ್ಲುತ್ತಾರೆ. ಇಂಥ ಒಂದು ಅಧ್ಯಾಯವನ್ನು ನಮ್ಮ ಓಣಿಯ ಮಹಿಳಾ ಮಂಡಳದಲ್ಲಿ ಓದಲೆಂದು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ‘ಮಿರಾಕಲ್’ಗೆ ‘ಪವಾಡ’ ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ಆ ಶಬ್ದ ಕೇಳಿದೊಡನೆ ನೀರಿನಿಂದ ದೀಪ ಉರಿಸಿದ ಸಿದ್ಧಪುರುಷರೇ ಕಣ್ಣಿಗೆ ಕಟ್ಟುತ್ತಾರೆ. ಬೇರೆ ಶಬ್ದವಿದೆಯೇ? ಆ ಜನರ ಬದುಕು ನಿಜವಾಗಿಯೂ ಹೀಗಿದೆಯೇ?

ಉತ್ತರ (ಹುಬ್ಬಳ್ಳಿ)

ಅಕ್ಕನವರೇ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಈ ಕಾದಂಬರಿಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಆಮಿಶರಲ್ಲ. ಆದ್ದರಿಂದ ಪಾತ್ರಗಳು ಮನಸ್ಸು ಬಿಚ್ಚಿ ಮಾಡುವ ಉದ್ದುದ್ದ ಪ್ರಾರ್ಥನೆಗಳಲ್ಲಿ ಲೇಖಕರ ಭಕ್ತಿಯೇ ಹೆಚ್ಚು ಕೇಳಿಸುತ್ತದೆ. 1693ರ ಸುಮಾರಿಗೆ ಧರ್ಮಗುರು ಯಾಕೋಬ್ ಅಮ್ಮಾನ್ ಅವರ ಹಿಂದೆ ಮೂಲ ಪಂಗಡದಿಂದ ಬೇರೆಯಾದ ಈ ಸಮುದಾಯದಲ್ಲಿ ಹೆಚ್ಚಿನವರಿಗೆ ಚರ್ಚಿನ ಕಟ್ಟಡವೂ ಇಲ್ಲ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಆರಾಧನೆ ನಡೆಯುತ್ತದೆ. ಆದರೆ ನೆರವಿನ ಚಿತ್ರ ಸುಳ್ಳಲ್ಲ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ ಐದು ಹೆಣ್ಣುಮಕ್ಕಳನ್ನು ಕೊಂದು ತಾನೂ ಸತ್ತಾಗ, ಆಮಿಶರು ಅದೇ ದಿನ ಅವನ ಹೆಂಡತಿಯ ಮನೆಯವರನ್ನು ಸಂತೈಸಲು ಹೋದರು. ಅವನನ್ನು ಮಣ್ಣು ಮಾಡುವಾಗಲೂ ಅನೇಕರು ಬಂದು ನಿಂತರು.

ಉತ್ತರ (ಹಾವೇರಿ ಜಿಲ್ಲೆ)

ನಮ್ಮ ಕಡೆ ಇದಕ್ಕೆ ‘ಮುಯ್ಯಿ’ ಎನ್ನುತ್ತಾರೆ. ಬಿತ್ತನೆಯ ಹೊತ್ತಿಗೆ ಅಪ್ಪನ ಕಾಲು ಮುರಿದ ವರ್ಷ, ಹದ ಆರುವ ಮೊದಲೇ ಐದು ಮನೆಯವರು ತಮ್ಮ ತಮ್ಮ ಎತ್ತು, ಕೂರಿಗೆ ತಂದು ನಮ್ಮ ಹೊಲ ಬಿತ್ತಿಕೊಟ್ಟರು. ಅವ್ವ ಬದುವಿನ ಮೇಲೆ ರೊಟ್ಟಿ, ಜುಣಕ ಬಡಿಸುತ್ತ ಯಾರ ಮುಖವನ್ನೂ ನೋಡದೆ ಅಳುತ್ತಿದ್ದದ್ದು ನನಗೆ ಇಂದಿಗೂ ನೆನಪಿದೆ. ‘ಮುಯ್ಯಿ’ ಎಂದೇ ಬರೆಯಿರಿ.

ಉತ್ತರ (ಗದಗ)

ಹಾವೇರಿಯ ಸಹೋದರರ ಮಾತು ಮನಸ್ಸಿಗೆ ತಟ್ಟಿತು, ಆದರೂ ಆ ಶಬ್ದವನ್ನು ನಾನು ಒಪ್ಪಲಾರೆ. ಮುಯ್ಯಿ ಎಂದರೆ ತಿರುಗಿ ಕೊಡುವುದು. ಉಪಕಾರಕ್ಕೂ ಮುಯ್ಯಿ, ಹಗೆಗೂ ಮುಯ್ಯಿ. ನಿಕಲ್ ಮೈನ್ಸಿನ ತಂದೆತಾಯಿಗಳು ಕೈಬಿಟ್ಟದ್ದು ಅದನ್ನೇ ಅಲ್ಲವೇ? ಲೆಕ್ಕವಿಲ್ಲದೆ ಬಂದದ್ದನ್ನು ಶರಣರು ‘ಪ್ರಸಾದ’ ಎಂದರು. ಗಳಿಸಿದ್ದಲ್ಲ, ಬೇಡಿದ್ದೂ ಅಲ್ಲ, ಕೈಯೊಡ್ಡಿ ತೆಗೆದುಕೊಳ್ಳಬೇಕಾದದ್ದು ಎಂಬ ಅರ್ಥ ಅದರಲ್ಲಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿ. ನೆರೆಯವರು ಬರುವ ಕಡೆ ‘ಮುಯ್ಯಾಳು’ ಎಂದೇ ಬರೆಯುತ್ತೇನೆ, ನಮ್ಮ ಮಂಡಳದ ಹಿರಿಯರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಆ ಹೆಣ್ಣುಮಗಳು ತುಂಬಿದ ಕಣಜದ ಎದುರು ಒಬ್ಬಳೇ ನಿಲ್ಲುವ ಸಾಲಿನಲ್ಲಿ ‘ಪ್ರಸಾದ’ ಎಂದು ಈಗಷ್ಟೇ ಬರೆದೆ. ಈ ಸಲ ಹೊಡೆದುಹಾಕಬೇಕೆನಿಸಲಿಲ್ಲ.