ಲಾಯರ್ ಇಲ್ಲದೆ ಲಿವಿಂಗ್ ಟ್ರಸ್ಟ್ ಮಾಡಿಕೊಂಡವರು ಇದ್ದೀರಾ? ಅನುಭವ ಹೇಳಿ

ಫ್ರೀಮಾಂಟ್ ನಿವಾಸಿ: ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿದ್ದೀವಿ. ನಾನು, ಹೆಂಡತಿ, ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು. ಒಂದು ಮನೆ ಇದೆ, ಸಾಲ ಇನ್ನೂ ತೀರಿಲ್ಲ. ಬದುಕಿರುವಾಗಲೇ ಮನೆಯನ್ನು ಟ್ರಸ್ಟ್ ಹೆಸರಿಗೆ ಹಾಕಿ, ನಮ್ಮ ನಂತರ ಕೋರ್ಟಿಗೆ ಹೋಗದೆ ಮಕ್ಕಳಿಗೆ ಸೇರೋ ಹಾಗೆ ಮಾಡಬೇಕು ಅಂತಿದೆ. ಅದನ್ನ ಮಾಡಿಕೊಡೋಕೆ ಲಾಯರ್ 3,500 ಡಾಲರ್ ಕೇಳ್ತಿದ್ದಾರೆ. ಸಾಫ್ಟ್‌ವೇರ್‌ನಲ್ಲಿ ನಾವೇ ಮಾಡಿಕೊಂಡರೆ ಸಾಕಾ? ಮಾಡಿಕೊಂಡವರು ದಯವಿಟ್ಟು ತಿಳಿಸಿ.

ಸನಿವೇಲ್ ಅಪ್ಪ: ನಾವು 2019ರಲ್ಲಿ ನಾವೇ ಮಾಡಿಕೊಂಡೆವು. ಎರಡು ಶನಿವಾರದ ಕೆಲಸ. ಟ್ರಸ್ಟ್‌ಗೆ ಇಬ್ಬರ ಸಹಿ, ಮನೆಯನ್ನು ಟ್ರಸ್ಟ್ ಹೆಸರಿಗೆ ಮಾಡೋ ಗ್ರ್ಯಾಂಟ್ ಡೀಡ್‌ಗೆ ಇಬ್ಬರ ಸಹಿ. ನೋಟರಿಗೆ ಸಹಿಗೆ 15ರಂತೆ 60 ಡಾಲರ್. ತಲೆನೋವಾಗಿದ್ದು ಡೀಡ್. ಹಳೇ ಡೀಡ್‌ನಲ್ಲಿರುವ, ಜಾಗದ ಗುರುತು ಹೇಳೋ ಲೀಗಲ್ ಡಿಸ್ಕ್ರಿಪ್ಷನ್ ಅಕ್ಷರ ಬಿಡದೆ ಹೊಸದರಲ್ಲಿ ಬರಬೇಕು. ನಾನು ಲಾಟ್ 47 ಇದ್ದದ್ದನ್ನು 74 ಅಂತ ಟೈಪ್ ಮಾಡಿದ್ದೆ. ಡೀಡ್ ದಾಖಲಿಸೋ ಕೌಂಟಿ ರೆಕಾರ್ಡರ್ ಕೌಂಟರ್‌ನಲ್ಲಿ ಅದನ್ನೇ ತಗೊಂಡು ರೆಕಾರ್ಡ್ ಮಾಡಿಬಿಟ್ಟರು. ಆರು ವಾರ ಆದಮೇಲೆ ಪೋಸ್ಟಿನಲ್ಲಿ ವಾಪಸ್ ಬಂದಾಗ ಹೆಂಡತಿ ಕಣ್ಣಿಗೆ ಬಿತ್ತು. ಮತ್ತೆ ಡೀಡ್, ಮತ್ತೆ ನೋಟರಿ, ಮತ್ತೆ ಫೀಸ್. ಮೊದಲ ಸಲ, ಮಾಲೀಕತ್ವ ಬದಲಾವಣೆ ತಿಳಿಸೋ ಪಿಸಿಒಆರ್ ಫಾರಂ ಜೊತೆಗಿಟ್ಟಿರಲಿಲ್ಲ, ಅದಕ್ಕೆ 20 ಡಾಲರ್ ಬೇರೆ. ಎಲ್ಲಾ ಸೇರಿ 400 ದಾಟಲಿಲ್ಲ. ಮನೆ ಟ್ರಸ್ಟ್‌ಗೆ ಹೋಯ್ತು ಅಂತ ಪ್ರಾಪರ್ಟಿ ಟ್ಯಾಕ್ಸೂ ಏರಲಿಲ್ಲ. ಲಾಯರ್ ಬೇಡವೇ ಬೇಡ.

ಕ್ಯೂಪರ್ಟಿನೋದಿಂದ: ನಮ್ಮಕ್ಕ ಕೂಡ ಹೀಗೇ ಅಂದುಕೊಂಡಿದ್ದಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ ಕೂತು ಟ್ರಸ್ಟ್ ಮಾಡಿದಳು, ಮನೆಯನ್ನೂ ಅದರೊಳಗೆ ಹಾಕಿದಳು. 2020ರಲ್ಲಿ ಬಡ್ಡಿ ಇಳಿಯಿತು ಅಂತ ರೀಫೈನಾನ್ಸ್ ಮಾಡಿದಳು, ಅಂದರೆ ಹಳೇ ಸಾಲ ತೀರಿಸಿ ಹೊಸ ಸಾಲ ತಗೊಂಡಳು. ಸಾಲ ಕೊಡುವವರು ಮನೆಯನ್ನು ಟ್ರಸ್ಟ್‌ನಿಂದ ತೆಗೆದು ನಿಮ್ಮ ಹೆಸರಿಗೆ ಮಾಡಿ ಅಂದರು. ಮಾಡಿದಳು. ವಾಪಸ್ ಹಾಕಬೇಕು ಅಂತ ಯಾರೂ ನೆನಪಿಸಲಿಲ್ಲ. 2022ರಲ್ಲಿ ಅಕ್ಕ ಹೋದಳು, ಮನೆ ಪ್ರೊಬೇಟ್‌ಗೆ, ಅಂದರೆ ಕೋರ್ಟ್ ಮೂಲಕ ಆಸ್ತಿ ಹಂಚೋ ಪ್ರಕ್ರಿಯೆಗೆ ಬಿತ್ತು.

ಮನೆ ಬೆಲೆ 14 ಲಕ್ಷ ಡಾಲರ್. ಅದರ ಮೇಲೆ ಸಾಲ 6 ಲಕ್ಷ. ಕ್ಯಾಲಿಫೋರ್ನಿಯಾದಲ್ಲಿ ಲಾಯರ್ ಫೀಸ್ ಸಾಲ ಕಳೆದ ಮೊತ್ತಕ್ಕಲ್ಲ, ಪೂರ್ತಿ ಬೆಲೆಗೆ. ಮೊದಲ ಲಕ್ಷಕ್ಕೆ 4%, ಎರಡನೇ ಲಕ್ಷಕ್ಕೆ 3%, ಮುಂದಿನ 8 ಲಕ್ಷಕ್ಕೆ 2%, ಅದರಾಚೆಗೆ 1%. ಕೂಡಿದರೆ 27,000 ಡಾಲರ್. ಆಸ್ತಿ ಹಂಚೋ ಹೊಣೆ ಹೊತ್ತ ಎಕ್ಸಿಕ್ಯೂಟರ್‌ಗೂ ಅಷ್ಟೇ ಸಿಗುತ್ತೆ. ಅದು ನಾನೇ, ಬೇಡ ಅಂದೆ. ಅಕ್ಕನ ಮಗನ ದುಡ್ಡು ಅದು. ಬೆಲೆ ಕಟ್ಟಿದ ಪ್ರೊಬೇಟ್ ರೆಫರಿಗೆ ಸಾವಿರಕ್ಕೆ ಒಂದರಂತೆ 1,400. ಕೋರ್ಟ್‌ಗೆ ಶುರುವಿನಲ್ಲಿ 435, ಮುಗಿಸುವಾಗ ಇನ್ನೊಂದು 435. ಪೇಪರ್‌ನಲ್ಲಿ ಮೂರು ಸಲ ನೋಟಿಸ್. ಹದಿನಾರು ತಿಂಗಳು ಕಂತು ನಾನೇ ಕಟ್ಟಿದೆ.

ಸನಿವೇಲ್ ಅಪ್ಪ: ನಾವೂ ರೀಫೈನಾನ್ಸ್ ಮಾಡಿದ್ದೀವಿ. ಮರುವಾರವೇ ಮನೆಯನ್ನು ಟ್ರಸ್ಟ್‌ಗೆ ವಾಪಸ್ ಹಾಕಿದೆ. ಇದಕ್ಕೂ ಲಾಯರ್ ಇಲ್ಲದ್ದಕ್ಕೂ ಏನು ಸಂಬಂಧ? ಓದಿ ಸಹಿ ಹಾಕಬೇಕಿತ್ತು, ಅಷ್ಟೇ.

ಕ್ಯೂಪರ್ಟಿನೋದಿಂದ: ಕೀಮೋ ನಡೀತಿತ್ತು ಸ್ವಾಮಿ ಅವಳಿಗೆ. ಆಸ್ಪತ್ರೆಯಿಂದ ಬಂದ ಸಂಜೆಯೇ ನೋಟರಿ ಮನೆಗೆ ಬಂದಿದ್ದ. ಅಡುಗೆಮನೆ ಕಟ್ಟೆ ಮೇಲೆ ಕಾಗದ ಹರಡಿ, ಹಳದಿ ಚೀಟಿ ಅಂಟಿಸಿದ ಕಡೆಯೆಲ್ಲ ತೋರಿಸಿದ. ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ಸಹಿ ಹಾಕಿದಳು. ನಾನು ಪಕ್ಕದಲ್ಲೇ ಅನ್ನಕ್ಕಿಡ್ತಿದ್ದೆ, ನಾನೂ ಓದಲಿಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಸನಿವೇಲ್ ಅಪ್ಪ: ಆ ವಿಷಯ ಗೊತ್ತಿರಲಿಲ್ಲ, ಕ್ಷಮಿಸಿ. ಆದರೂ ತಪ್ಪು ಸಾಲ ಕೊಟ್ಟವರದು. ಟ್ರಸ್ಟ್‌ದಲ್ಲ.

ಆಸ್ಟಿನ್ ಕನ್ನಡಿಗ: ಎಲ್ಲರೂ ಪ್ರೊಬೇಟ್ ಅಂದ್ರೆ ಯಾಕೆ ಇಷ್ಟು ಹೆದರಿಸ್ತೀರಿ? ಅಪ್ಪನ ವಿಲ್ ಇಟ್ಟುಕೊಂಡು ನಾಲ್ಕು ತಿಂಗಳಲ್ಲಿ ಮುಗಿಸಿದೆ. ಲಾಯರ್‌ಗೆ ಒಟ್ಟು 2,800. ಮನೆ ಬೆಲೆ ಮೇಲೆ ಶೇಕಡಾ ಲೆಕ್ಕ ಇಲ್ಲಿಲ್ಲ. ಟ್ರಸ್ಟ್ ಸುಮ್ನೆ ದಂಡ.

ಕ್ಯೂಪರ್ಟಿನೋದಿಂದ: ಕೇಳಿದವರು ಫ್ರೀಮಾಂಟ್‌ನಲ್ಲಿದ್ದಾರೆ. ಟೆಕ್ಸಾಸ್ ಕಾನೂನು ತಗೊಂಡು ಅವರೇನು ಮಾಡಬೇಕು? 27,000 ಕಟ್ಟಿದವನ ಎದುರು ಹೆದರಿಸ್ತೀರಿ ಅನ್ನಬೇಡಿ.

ಪ್ಲೆಸೆಂಟನ್, ಮೂಲ ಮೈಸೂರು: ನಾನು ಮೊದಲು ಸಾಫ್ಟ್‌ವೇರ್‌ನಲ್ಲಿ ಮಾಡಿ, ಆಮೇಲೆ 3,800 ಕೊಟ್ಟು ಲಾಯರ್ ಹತ್ರ ಸರಿಮಾಡಿಸಿದವಳು. ನಮಗೆ ಮೈಸೂರಿನಲ್ಲಿ ಒಂದು ಸೈಟ್ ಇದೆ. ಅದಕ್ಕೆ 2018ರಲ್ಲೇ ಅಲ್ಲಿ ವಿಲ್ ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿದ್ದೆವು. ಇಲ್ಲಿ ಟ್ರಸ್ಟ್ ಜೊತೆ ಒಂದು ವಿಲ್ ಕೂಡ ಪ್ರಿಂಟ್ ಆಯ್ತು. ಅದರ ಮೊದಲ ಸಾಲೇ "ಈ ಹಿಂದಿನ ನನ್ನ ಎಲ್ಲಾ ವಿಲ್‌ಗಳನ್ನೂ ರದ್ದು ಮಾಡುತ್ತೇನೆ" ಅಂತ. ಇಬ್ಬರೂ ಸಹಿ ಹಾಕಿದೆವು. ಮೈಸೂರಿನ ವಿಲ್ ಅಲ್ಲಿಗೆ ಮುಗೀತು. ಮೂರು ವರ್ಷ ನಮಗೆ ಗೊತ್ತೇ ಇರಲಿಲ್ಲ. ಲಾಯರ್ ಹದಿನೈದು ನಿಮಿಷದಲ್ಲಿ ಹಿಡಿದರು. ಇಲ್ಲಿನ ವಿಲ್‌ನಲ್ಲಿ "ಭಾರತದ ಆಸ್ತಿ ಬಿಟ್ಟು" ಅಂತ ಸೇರಿಸಿದರು. ಮೈಸೂರಿನ ವಿಲ್ ಹೊಸದಾಗಿ ಬರೆಯೋಕೆ ಇಬ್ಬರ ಟಿಕೆಟ್, ರಜೆ ಎಲ್ಲ ಆಯ್ತು. ಆ ಖರ್ಚಿನ ಮುಂದೆ 3,800 ಏನೂ ಅಲ್ಲ.

ಸನಿವೇಲ್ ಅಪ್ಪ: ಮೊದಲ ಸಾಲನ್ನೇ ಓದದೆ ಸಹಿ ಹಾಕಿದ್ರೆ ಸಾಫ್ಟ್‌ವೇರ್ ಏನು ಮಾಡುತ್ತೆ ಮೇಡಂ?

ಪ್ಲೆಸೆಂಟನ್, ಮೂಲ ಮೈಸೂರು: ಓದಿದ್ದೆ. ಅಮೆರಿಕದ ವಿಲ್‌ಗಳು ಅಂದುಕೊಂಡೆ. ನಿಮ್ಮ ಲಾಟ್ 74 ಮರೆತುಬಿಟ್ರಾ?

ಸ್ಯಾಕ್ರಮೆಂಟೋ ಮಗ: ಅಮ್ಮನ ಕಾಂಡೋಗೆ ನಾವು ಟ್ರಸ್ಟ್ ಮಾಡಲೇ ಇಲ್ಲ. ಅಮ್ಮನ ನಂತರ ಹೆಸರಿಸಿದವರಿಗೆ ಸೀದಾ ಹೋಗೋ ಹಾಗೆ ಟಿಒಡಿ ಡೀಡ್ ಮಾಡಿದೆವು. ಎರಡು ಸಾಕ್ಷಿ, ನೋಟರಿ, 60 ದಿನದೊಳಗೆ ರೆಕಾರ್ಡ್. ನಾನು 52ನೇ ದಿನ ಓಡಿದೆ. ಏಪ್ರಿಲ್ 1, 2025ರಿಂದ ಈಚೆಗೆ ತೀರಿಕೊಂಡವರ ವಾಸದ ಮನೆ ಏಳೂವರೆ ಲಕ್ಷ ಡಾಲರ್ ಒಳಗಿದ್ರೆ ಪೂರ್ತಿ ಪ್ರೊಬೇಟ್ ಬೇಕಿಲ್ಲ, ಚಿಕ್ಕ ಅರ್ಜಿ ಸಾಕು. ಫ್ರೀಮಾಂಟ್‌ನಲ್ಲಿ ಮನೆ ಬೆಲೆ ಸಾಮಾನ್ಯವಾಗಿ ಆ ಮಿತಿ ದಾಟುತ್ತೆ, ಅಲ್ಲಿಯವರಿಗೆ ಇದು ಉಪಯೋಗಕ್ಕೆ ಬರೋದು ಕಷ್ಟ.

ದಾವಣಗೆರೆ ಸೊಸೆ, ಡಬ್ಲಿನ್: ಎಲ್ಲರೂ ಮನೆ ಮನೆ ಅಂತೀರಿ. ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಅಂತ ಬರೆದಿದ್ದೀರಾ? ಟ್ರಸ್ಟ್ ಇರೋದು ಆಸ್ತಿಗೆ. ಗಾರ್ಡಿಯನ್ ಹೆಸರು ನಾವು ವಿಲ್‌ನಲ್ಲಿ ಬರೆದೆವು. ನಮ್ಮದೇ ಬೀದಿಯ ಗೆಳತಿಯ ಹೆಸರು ಹಾಕಿದ್ದಕ್ಕೆ ಅತ್ತೆ ಮೂರು ತಿಂಗಳು ಫೋನಿನಲ್ಲಿ ಮಾತಾಡಲಿಲ್ಲ. ನಾದಿನಿ ಇನ್ನೂ ಮಾತಾಡ್ತಿಲ್ಲ.

ಆಸ್ಟಿನ್ ಕನ್ನಡಿಗ: ಸ್ವಂತ ಸೋದರತ್ತೆ ಇರುವಾಗ ಮಕ್ಕಳನ್ನು ಬೇರೆಯವರಿಗೆ ಬರೆದುಕೊಡೋದು ಯಾವ ಸಂಸ್ಕಾರ? ನಮ್ಮ ಮಕ್ಕಳು ಸೀದಾ ಹಾಸನಕ್ಕೆ, ನನ್ನ ತಂಗಿ ಮನೆಗೆ.

ದಾವಣಗೆರೆ ಸೊಸೆ, ಡಬ್ಲಿನ್: ನನ್ನ ನಾದಿನಿಗೆ ಅಮೆರಿಕದ ವೀಸಾ ಇಲ್ಲ. ನಿಮ್ಮ ತಂಗಿಗೆ ಇದೆಯಾ? ನಮ್ಮಿಬ್ಬರಿಗೂ ಒಂದೇ ದಿನ ಏನಾದ್ರೂ ಆದ್ರೆ, ಶಾಲೆ ಗೇಟಿನ ಹತ್ರ ಮೂರು ಗಂಟೆಗೆ ಯಾರು ಬರ್ತಾರೆ? ಆ ರಾತ್ರಿ ಮಕ್ಕಳು ಯಾರ ಮನೆಯಲ್ಲಿ ಮಲಗ್ತಾರೆ? ಅದನ್ನ ಮೊದಲು ಹೇಳಿ, ಸಂಸ್ಕಾರ ಆಮೇಲೆ.